ತುಳುಕದ ನೀರು, ಸವೆದ ಕ್ಲಚ್ ಪ್ಲೇಟು

ಗುಡ್ಡದ ಬುಡದಲ್ಲಿ ಒಂದು ಊರಿತ್ತು. ಗುಡ್ಡದ ಮೇಲೆ ದುರ್ಗವ್ವನ ಗುಡಿ. ದಾರಿಯ ತಿರುವುಗಳು ಇಕ್ಕಟ್ಟಾದ್ದರಿಂದ ಬಸ್ಸು ಮೇಲಕ್ಕೆ ಹೋಗುತ್ತಿರಲಿಲ್ಲ. ಬಸ್ಸಿಳಿದ ಭಕ್ತರು ಬೇವಿನ ಮರದ ಕೆಳಗಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಬರಬೇಕು, ಅಲ್ಲಿ ಸಾಲಾಗಿ ನಿಂತ ಅಂಬಾಸಡರ್ ಕಾರುಗಳಲ್ಲಿ ಒಂದನ್ನು ಹತ್ತಬೇಕು.

ಮಕ್ಕಳೇ, ಈಗಿನ ಕಾರುಗಳು ಹೊರಟರೂ ತಿಳಿಯುವುದಿಲ್ಲ, ನಿಂತರೂ ತಿಳಿಯುವುದಿಲ್ಲ. ಅಂಬಾಸಡರ್ ಹಾಗಲ್ಲ. ಅದು ಹೊರಟರೆ ಓಣಿಗೆಲ್ಲ ಸುದ್ದಿ. ಗೇರಿನ ಕೋಲು ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತಿತ್ತು. ಮುಂದಿನ ಸೀಟು ಮನೆಯ ಪಡಸಾಲೆಯ ಹಾಸಿಗೆಯಷ್ಟು ಉದ್ದ. ಡ್ರೈವರನ ಎಡಕ್ಕೆ ಮೂವರು ಕೂತರೆ, ಬಲಕ್ಕೆ ಬಾಗಿಲಿಗೆ ಒತ್ತಿಕೊಂಡು ಇನ್ನೊಬ್ಬ ಸಣಕಲ. ಹಿಂದೆ ಕೂತವರನ್ನು ಯಾರೂ ಎಣಿಸುತ್ತಿರಲಿಲ್ಲ. ಬಿಸಿಯಾದ ರೆಕ್ಸಿನ್ನಿನ ವಾಸನೆ, ಪೆಟ್ರೋಲಿನ ವಾಸನೆ, ಯಾರದೋ ಮಡಿಲಲ್ಲಿದ್ದ ಮಲ್ಲಿಗೆಯ ವಾಸನೆ, ಎಲ್ಲ ಸೇರಿ ಒಂದು ವಾಸನೆಯಾಗಿತ್ತು. ಆ ವಾಸನೆ ಈಗ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಆ ಸ್ಟ್ಯಾಂಡಿನಲ್ಲಿ ಒಂದು ಪದ್ಧತಿ ಇತ್ತು. ಆಯುಧ ಪೂಜೆಯ ದಿನ ಎಲ್ಲರೂ ಕಾರು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಎಂಜಿನ್ ಚಾಲೂ ಇಟ್ಟು ನಿಲ್ಲಿಸುತ್ತಿದ್ದರು. ಪ್ರತಿ ಕಾರಿನ ಬಾನೆಟ್ಟಿನ ಮೇಲೂ ಅಂಚಿನವರೆಗೆ ನೀರು ತುಂಬಿದ ಒಂದು ಗ್ಲಾಸು. ಪಕ್ಕದಲ್ಲಿ ಒಂದು ಊದಿನಕಡ್ಡಿ. ಕಡ್ಡಿ ಉರಿದು ಮುಗಿಯುವವರೆಗೆ ಯಾರ ಗ್ಲಾಸಿನ ನೀರು ತುಳುಕುವುದಿಲ್ಲವೋ ಅವನೇ ಗೆದ್ದವನು. ಗೆದ್ದವನಿಗೆ ಆ ವರ್ಷವೆಲ್ಲ ದಿನಾ ಬೆಳಗಿನ ಮೊದಲ ಪಾಳಿ. ಮೊದಲ ಬಸ್ಸಿಗೆ ಬಂದ ಜನ, ಪೇಟೆಗಾಗಲಿ ಗುಡ್ಡಕ್ಕಾಗಲಿ, ಅವನ ಕಾರನ್ನೇ ಹತ್ತಬೇಕು. ಅದಕ್ಕೆ ಗ್ಲಾಸಿನ ಪಾಳಿ ಎಂದೇ ಹೆಸರು.

ಗುರುಪಾದಪ್ಪನಿಗೆ ಈ ಪಾಳಿಯ ಮೇಲೆ ಬಹಳ ದಿನದಿಂದ ಕಣ್ಣು. ಅವನದು ಹಾಲಿನ ಕೆನೆಯ ಬಣ್ಣದ ಅಂಬಾಸಡರ್. ಮೂಗಿನ ಮೇಲೆ ಮಚ್ಚೆ ಇದ್ದ ಹಾಗೆ ಬಾನೆಟ್ಟಿನ ತುದಿಗೆ ಒಂದು ಸಣ್ಣ ತಗ್ಗು ಬಿದ್ದಿತ್ತು, ಅದನ್ನೂ ಅವನು ಪ್ರೀತಿಯಿಂದಲೇ ಒರೆಸುತ್ತಿದ್ದ. ಮನುಷ್ಯ ಕೆಟ್ಟವನಲ್ಲ. ಆದರೆ ಹತ್ತು ಜನ ಹೊಗಳಿದರೆ ಹನ್ನೊಂದನೆಯವನನ್ನು ಹುಡುಕಿಕೊಂಡು ಹೋಗುವ ಜಾತಿ. ವರ್ಷವರ್ಷವೂ ರಾಜೇಸಾಬ ಎಂಬ ಹಿರಿಯ ಡ್ರೈವರ್ ಗೆಲ್ಲುತ್ತಿದ್ದ. ಗುರುಪಾದಪ್ಪನ ಗ್ಲಾಸು ಮಾತ್ರ ಮಂಗಳಾರತಿ ಆಗುವಷ್ಟರಲ್ಲೇ ಬಾನೆಟ್ಟು ತೋಯಿಸಿಬಿಡುತ್ತಿತ್ತು.

ಆ ವರ್ಷ ಅವನು ಹಟ ಹಿಡಿದ. ಹಬ್ಬಕ್ಕೆ ಮುಂಚಿನ ಒಂದು ವಾರ ಸ್ಕ್ರೂಡ್ರೈವರ್ ಹಿಡಿದು ಎಂಜಿನ್ನಿನ ಮುಂದೆಯೇ ಕೂತ. ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಎಂಜಿನ್ನಿನ ಉಸಿರನ್ನು ಸಣ್ಣ ಮಾಡಿದ. ಕುಡಿಯುವ ಪೆಟ್ರೋಲನ್ನು ಕಡಿಮೆ ಮಾಡಿದ. ಕಿಡಿ ಹಾರುವ ಹೊತ್ತನ್ನು ತುಸು ತಡ ಮಾಡಿದ. ಕೊನೆಗೆ ಎಂಜಿನ್ ಎಷ್ಟು ಮೆತ್ತಗಾಯಿತೆಂದರೆ, ಅವನ ಹೆಂಡತಿ ಕಾಶವ್ವ ಹೊರಗೆ ಬಂದು, "ಏನ್ರೀ, ಚಾಲೂ ಐತೋ ಬಂದ್ ಐತೋ?" ಎಂದು ಕೇಳಿದಳು. ಗುರುಪಾದಪ್ಪ ಉಬ್ಬಿಹೋದ.

ಹಬ್ಬದ ದಿನ ಊದಿನಕಡ್ಡಿ ಉರಿದು ಬೂದಿಯಾಯಿತು. ಗುರುಪಾದಪ್ಪನ ಗ್ಲಾಸಿನಲ್ಲಿ ನೀರು ಕನ್ನಡಿಯಂತೆ ನಿಂತಿತ್ತು. ಜನ ಸೀಟಿ ಹೊಡೆದರು. ರಾಜೇಸಾಬ ತಾನೇ ಬಂದು ಪೇಢೆ ತಿನ್ನಿಸಿದ. ಬೆನ್ನು ತಟ್ಟಿ, "ಛಲೋ ಆತು ಗುರುಪಾದ. ನಾಳಿ ಮುಂಜಾನೆ ಹೂವಿನ ಮಾಲಿ ತಗಿಯೂ ಮುಂದ ಸ್ಕ್ರೂ ವಾಪಸ್ ತಿರುವಿ ಬಿಡಪಾ," ಎಂದ.

ಸ್ಟ್ಯಾಂಡಿನ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಹಬ್ಬದ ಟ್ಯೂನಿಂಗು ಹಬ್ಬಕ್ಕೆ, ಗುಡ್ಡದ ಟ್ಯೂನಿಂಗು ಗುಡ್ಡಕ್ಕೆ. ಆದರೆ ಗೆದ್ದ ಸಂಭ್ರಮದಲ್ಲಿದ್ದವನ ಕಿವಿಗೆ ಬುದ್ಧಿಮಾತು ಹೊಟ್ಟೆಕಿಚ್ಚಿನ ಹಾಗೆ ಕೇಳುತ್ತದೆ. 'ಮುದುಕನಿಗೆ ಸೋತದ್ದು ನುಂಗಲಾಗುತ್ತಿಲ್ಲ' ಎಂದುಕೊಂಡ ಗುರುಪಾದಪ್ಪ. ಸ್ಕ್ರೂ ಮುಟ್ಟಲಿಲ್ಲ. ಮಾಲೆಯನ್ನೂ ಅದು ಒಣಗಿ ತಾನಾಗಿ ಉದುರುವವರೆಗೆ ತೆಗೆಯಲಿಲ್ಲ.

ಆ ಕಾರನ್ನು ಇಬ್ಬರು ಓಡಿಸುತ್ತಿದ್ದರು. ಊರ ಪೇಟೆ, ರೈಲ್ವೆ ಸ್ಟೇಷನ್, ಮದುವೆ ಮುಂಜಿ ಎಂದು ಸಪಾಟು ರಸ್ತೆಯ ಬಾಡಿಗೆಗಳೆಲ್ಲ ಗುರುಪಾದಪ್ಪನವು. ಅಲ್ಲಿ ಜನ ನೋಡುತ್ತಾರಲ್ಲ! ದುರ್ಗವ್ವನ ಗುಡಿಯ ಬಾಗಿಲು ತೆರೆಯುವುದು ಮಂಗಳವಾರ, ಶುಕ್ರವಾರ ಮಾತ್ರ, ಆ ದಿನಗಳ ಗುಡ್ಡದ ಬಾಡಿಗೆ ಕಾಶವ್ವನ ತಮ್ಮ ದುಂಡಪ್ಪನದು. ಅಕ್ಕನ ಗಂಡನನ್ನು ಆ ಕಡೆ ಮಾವ ಎಂದೇ ಕರೆಯುತ್ತಾರೆ. ದುಂಡಪ್ಪ ಪಕ್ಕದ ಹಳ್ಳಿಯಿಂದ ನಸುಕಿನಲ್ಲೇ ಬಂದು, ಅಕ್ಕನ ಕೈಯ ರೊಟ್ಟಿ ತಿಂದು, ಮಾವನ ಕಾರು ಹತ್ತುತ್ತಿದ್ದ. ಮೂವರೂ ಕೂತು ಹರಟೆ ಹೊಡೆಯುತ್ತಿದ್ದ ಆ ಬೆಳಗುಗಳಲ್ಲಿ ಕಾಶವ್ವ ಒಬ್ಬಳೇ ಇಬ್ಬರಿಗೂ ಚೇಷ್ಟೆ ಮಾಡುತ್ತಿದ್ದಳು. ಗಂಡನನ್ನು "ಗ್ಲಾಸಿನ ರಾಜಾ" ಎನ್ನುವಳು, ತಮ್ಮನನ್ನು "ಗುಡ್ಡದ ಮಂಗ್ಯಾ" ಎನ್ನುವಳು. ಅವಳ ನಗು ಅಡುಗೆಮನೆಯಿಂದ ಬೀದಿಗೆ ಕೇಳುತ್ತಿತ್ತು.

ಹಬ್ಬ ಕಳೆದ ಮೇಲೆ ದುಂಡಪ್ಪನಿಗೆ ಕಷ್ಟ ಶುರುವಾಯಿತು. ಸಪಾಟು ರಸ್ತೆಯಲ್ಲಿ ಬೆಣ್ಣೆಯಂತೆ ಹೋಗುವ ಕಾರು ಏರಿನಲ್ಲಿ ನಿಂತರೆ ಮುಗಿಯಿತು, ಮತ್ತೆ ಏಳುತ್ತಿರಲಿಲ್ಲ.

"ಮಾವ, ಗಾಡಿ ಏರಿನ್ಯಾಗ ಎತ್ತಂಗಿಲ್ರಿ. ಕ್ಲಚ್ ಬಿಟ್ಟಕೂಡ್ಲೆ ಬಂದ್ ಬೀಳತೈತಿ," ಎಂದ.

"ಹಂಗ್ಯಾಕ ಬೀಳತೈತಿ? ನೀರು ತುಳುಕದ ಎಂಜಿನ್ ಅದು. ಕ್ಲಚ್ ಒತ್ತೂ ನಿನ್ನ ಕಾಲ ಸುದ್ದ ಇಲ್ಲ," ಎಂದ ಗುರುಪಾದಪ್ಪ.

ಇಲ್ಲಿ ಒಂದು ಮಾತು ಹೇಳಬೇಕು. ಕಾರಿನೊಳಗೆ ಎಂಜಿನ್ ಸದಾ ತಿರುಗುತ್ತಿರುತ್ತದೆ, ಗಾಲಿ ನಿಂತಿರುತ್ತದೆ. ತಿರುಗುವುದನ್ನೂ ನಿಂತದ್ದನ್ನೂ ಒಂದುಗೂಡಿಸುವುದು ನಡುವೆ ಕೂತ ಕ್ಲಚ್ ಪ್ಲೇಟು. ಎಂಜಿನ್ನಿಗೆ ಕಸುವಿದ್ದರೆ ಪ್ಲೇಟು ಒಮ್ಮೆಗೇ ಹಿಡಿದುಕೊಳ್ಳುತ್ತದೆ, ಗಾಡಿ ಹೊರಡುತ್ತದೆ. ಕಸುವಿಲ್ಲದಿದ್ದರೆ ಡ್ರೈವರ್ ಎಂಜಿನ್ನನ್ನು ಕೂಗಿಸಿ, ಕ್ಲಚ್ಚನ್ನು ಅರ್ಧ ಹಿಡಿದು ಅರ್ಧ ಬಿಟ್ಟು, ಗಾಡಿಯನ್ನು ಮೇಲಕ್ಕೆ ಎಳೆಯಬೇಕು. ಅಷ್ಟು ಹೊತ್ತೂ ಪ್ಲೇಟು ಉಜ್ಜುತ್ತಲೇ ಇರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗೆ ಎರಡು ಕಡೆಯ ಎಳೆತದಲ್ಲಿ ಅದು ಸದ್ದಿಲ್ಲದೆ ಸವೆಯುತ್ತದೆ.

ಸಂಕ್ರಾಂತಿಯ ಹೊತ್ತಿಗೆ ಪ್ಲೇಟು ಸುಟ್ಟಿತು. ಹೊಸದು ಹಾಕಿಸಿದರು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅದೂ ಸುಟ್ಟಿತು. ಗ್ಯಾರೇಜಿನವನು ಕರಿಯಾದ ಪ್ಲೇಟನ್ನು ಕೈಯಲ್ಲಿ ತಿರುಗಿಸಿ ನೋಡಿ, "ಯಾರೋ ಕ್ಲಚ್ ಮ್ಯಾಲ ಕಾಲ ಇಟ್ಕೊಂಡ ಓಡಸ್ಯಾರ್ರಿ," ಎಂದ. ಅವನು ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಅರ್ಧ ನಿಜ ಸಿಕ್ಕಿದವನು ಉಳಿದರ್ಧವನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ. ಗುರುಪಾದಪ್ಪನ ಲೆಕ್ಕ ಸರಳವಾಗಿತ್ತು. ತಾನು ಓಡಿಸುವ ದಿನ ಏನೂ ಆಗುವುದಿಲ್ಲ, ದುಂಡಪ್ಪ ಓಡಿಸಿದ ದಿನವೇ ಸುಟ್ಟ ವಾಸನೆ ಬರುತ್ತದೆ. ಅಂದ ಮೇಲೆ ತಪ್ಪು ಯಾರದು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಅಂದಿನಿಂದ ಗುರುಪಾದಪ್ಪ, ದುಂಡಪ್ಪ ನೇರ ಮಾತಾಡುವುದು ಕಡಿಮೆಯಾಯಿತು. ಮಾತೆಲ್ಲ ಕಾಶವ್ವನ ಮೂಲಕವೇ ಹೋಗಬೇಕು. ಗುರುಪಾದಪ್ಪ, "ನಿನ್ನ ತಮ್ಮಗ ಕಾರ ಕೊಟ್ಟಿದ್ದ ತಪ್ಪಾತು, ಅವಂಗ ಎಮ್ಮಿ ಕಾಯಾಕ ಹೇಳು," ಎಂದರೆ, ಅವಳು ತಮ್ಮನಿಗೆ, "ಮಾವಗ ಗಾಡೀದ ಚಿಂತಿ ಆಗೇತಿ, ಸ್ವಲ್ಪ ನೋಡಕೊಂಡ ಓಡಸಪಾ," ಎನ್ನುವಳು. ದುಂಡಪ್ಪ, "ಅದು ಗಾಡಿ ಅಲ್ಲಕ್ಕಾ, ಸಿಂಗಾರ ಮಾಡಿದ ಹೆಣ," ಎಂದರೆ, ಅವಳು ಗಂಡನಿಗೆ, "ಏರಿನ್ಯಾಗ ತುಸು ಜಡ ಆಗೇತಂತ್ರಿ," ಎನ್ನುವಳು. ಬೆಂಕಿಯನ್ನು ಈ ಕೈಯಲ್ಲಿ ಇಸಿದುಕೊಂಡು ಆ ಕೈಯಲ್ಲಿ ನೀರು ಕೊಡುತ್ತಿದ್ದಳು. ನಡುವೆ ಸುಟ್ಟದ್ದನ್ನು ಇಬ್ಬರೂ ನೋಡಲಿಲ್ಲ. ಅವಳ ಚೇಷ್ಟೆ ನಿಂತಿತು. ಪಲ್ಯಕ್ಕೆ ಉಪ್ಪು ಮರೆಯತೊಡಗಿದಳು. ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗುವ ದಿನಗಳು ಹೆಚ್ಚಾದವು. ಗುರುಪಾದಪ್ಪ ಅದನ್ನು ಸೆಕೆಯ ತಲೆನೋವು ಎಂದುಕೊಂಡ.

ಮುಂಗಾರಿನ ಹೊತ್ತಿಗೆ ಒಂದು ಶುಕ್ರವಾರ ಮೂರನೆಯ ಪ್ಲೇಟೂ ಹೋಯಿತು. ದುಂಡಪ್ಪ ಕಾರನ್ನು ಗುಡ್ಡದಿಂದ ಉರುಳಿಸಿಕೊಂಡು ಸ್ಟ್ಯಾಂಡಿಗೆ ತಂದ. ಎಲ್ಲ ಡ್ರೈವರುಗಳೂ ಚಹಾ ಕುಡಿಯುತ್ತ ಅಲ್ಲೇ ಇದ್ದರು. ಗುರುಪಾದಪ್ಪ ಅಷ್ಟೂ ಜನರ ಎದುರಿಗೆ, "ನಿನ್ನ ಕಾಲಿಗೆ ಬೆಂಕಿ ಹತ್ತೇತೇನಲೇ? ಹೆಂಡ್ತಿ ತಮ್ಮ ಅಂತ ಸಾಕಿದ್ನಲ್ಲ, ನನ್ನ ತಪ್ಪು. ಇಳಿ ಕೆಳಗ!" ಎಂದು ಕೂಗಿದ.

ದುಂಡಪ್ಪ ಇಳಿದ. ಹೆಗಲ ಮೇಲಿನ ಟವೆಲು ಕೊಡವಿ ಬಸ್ಸು ಹತ್ತಿ ಹೋದ. ಅವನ ಹಳ್ಳಿಯ ಹತ್ತಿರ ಒಂದು ಕಲ್ಲಿನ ಕ್ವಾರಿ ಇತ್ತು, ಅಲ್ಲಿ ಟ್ರ್ಯಾಕ್ಟರ್ ಓಡಿಸುವ ಕೆಲಸಕ್ಕೆ ಸೇರಿದ. ಅಕ್ಕನ ಮನೆಯ ಕಡೆ ಮತ್ತೆ ಬರಲಿಲ್ಲ.

ಆಷಾಢ ಮುಗಿದು ಶ್ರಾವಣ ಬಂತು. ನಾಗರ ಪಂಚಮಿಗೆ ತವರಿನವರು ಹೆಣ್ಣುಮಕ್ಕಳನ್ನು ಕರೆದೊಯ್ಯುವ ಕಾಲ. ಕಾಶವ್ವನಿಗೆ ಅಪ್ಪ ಅವ್ವ ಇರಲಿಲ್ಲ. ತವರು ಎಂದರೆ ಆ ಒಬ್ಬ ತಮ್ಮ. ಓಣಿಯ ಹೆಂಗಸರು ಒಬ್ಬೊಬ್ಬರೇ ಅಣ್ಣತಮ್ಮಂದಿರ ಜೊತೆ ಹೊರಟರು. ಕಾಶವ್ವ ಸೀರೆಯನ್ನು ಮಡಿಸಿ ಟ್ರಂಕಿನ ಮೇಲೆ ಇಟ್ಟುಕೊಂಡಿದ್ದಳು. ಬಸ್ಸಿನ ಸದ್ದಾದರೆ ಬಾಗಿಲಿಗೆ ಬರುವಳು, ಒಳಗೆ ಹೋಗುವಳು. ಗುರುಪಾದಪ್ಪ ಅದನ್ನು ನೋಡಲಾರದೆ ಹೊರಗೆ ಹೋಗಿ ಕಾರು ಒರೆಸುತ್ತ ನಿಲ್ಲುತ್ತಿದ್ದ. ಆದರೂ ಇಳಿದುಹೋಗು ಎಂದ ಬಾಯಿಯಲ್ಲೇ ಬಾ ಎನ್ನುವುದು ಹೇಗೆ?

ಹೀಗಿರುವಾಗ, ದುಂಡಪ್ಪ ಹೋದ ಮೇಲೆ ಬಿಟ್ಟಿದ್ದ ಗುಡ್ಡದ ಬಾಡಿಗೆಗೆ ಒಂದು ಮಂಗಳವಾರ ಅವನೇ ಹೊರಟ. ಹೊಸ ಪ್ಲೇಟು ಹಾಕಿಸಿ ಕೆಲವೇ ದಿನ ಆಗಿತ್ತು. ಒಳಗೆ ತುಂಬ ಜನ, ಡಿಕ್ಕಿಯಲ್ಲಿ ತೆಂಗಿನಕಾಯಿಯ ಚೀಲ, ಬುತ್ತಿಯ ಗಂಟುಗಳು. ಅರ್ಧ ಗುಡ್ಡ ಏರಿರಬೇಕು, ತಿರುವಿನಲ್ಲಿ ಒಂದು ಕುರಿಯ ಹಿಂಡು ರಸ್ತೆ ತುಂಬಿ ಇಳಿದು ಬಂತು. ಗುರುಪಾದಪ್ಪ ಬ್ರೇಕು ಒತ್ತಿದ.

ಹಿಂಡು ದಾಟಿತು. ಅವನು ಗೇರು ಹಾಕಿ ಕ್ಲಚ್ ಬಿಟ್ಟ. ಎಂಜಿನ್ ಬಂದ್ ಬಿತ್ತು. ಮತ್ತೆ ಚಾಲೂ ಮಾಡಿ, ಮೆಲ್ಲಗೆ ಬಿಟ್ಟ. ಮತ್ತೆ ಬಿತ್ತು. ಕಾರು ಒಂದು ಮಾರು ಹಿಂದಕ್ಕೆ ಜಾರಿತು. ಹಿಂದೆ ಕೂತ ಮುದುಕಿ "ದುರ್ಗವ್ವಾ ಕಾಯೇ ತಾಯಿ" ಎಂದು ಚೀರಿದಳು. ಪಕ್ಕದಲ್ಲಿ ಕಣಿವೆ. ಗುರುಪಾದಪ್ಪ ಆಕ್ಸಿಲರೇಟರನ್ನು ಒತ್ತಿದ. ಎಂಜಿನ್ ಕೂಗಿತು. ಕ್ಲಚ್ಚನ್ನು ಅರ್ಧ ಹಿಡಿದ, ಅರ್ಧ ಬಿಟ್ಟ. ಕಾರು ನಡುಗುತ್ತ ಒಂದಿಷ್ಟು ಮೇಲಕ್ಕೆ ತೆವಳಿತು.

ಆಗ ಆ ವಾಸನೆ ಬಂತು. ಸುಟ್ಟ ವಾಸನೆ. ಪ್ರತಿ ಶುಕ್ರವಾರ ಸಂಜೆ ಯಾವ ವಾಸನೆಗಾಗಿ ದುಂಡಪ್ಪನ ಮೇಲೆ ಹರಿಹಾಯುತ್ತಿದ್ದನೋ ಅದೇ. ಗುರುಪಾದಪ್ಪ ಕೆಳಗೆ ನೋಡಿದ. ಕ್ಲಚ್ಚಿನ ಮೇಲೆ ಇದ್ದದ್ದು ಅವನದೇ ಕಾಲು.

ಕಾರನ್ನು ತಿರುವಿನ ಬದಿಗೆ ಹಾಕಿ ಗಾಲಿಗೆ ಕಲ್ಲು ಕೊಟ್ಟ. ಜನ ಗೊಣಗುತ್ತ ಇಳಿದು ನಡೆದು ಹೋದರು. ಅವನು ಬಾನೆಟ್ಟು ಎತ್ತಿ ಎಂಜಿನ್ನಿನ ಮುಂದೆ ನಿಂತ. ನಿಂತಲ್ಲೇ ಅದು ಎಷ್ಟು ಮೆತ್ತಗೆ, ಎಷ್ಟು ಸಂಭಾವಿತನ ಹಾಗೆ ತಿರುಗುತ್ತಿತ್ತು! ಅವನಿಗೆ ನಾಚಿಕೆಯಾಯಿತು. ಇದರ ಮೆತ್ತಗಿನ ದನಿಗೆ ಜನ ತಲೆದೂಗಿದ್ದರು. ಆ ಮೆತ್ತನೆಯ ಬೆಲೆಯನ್ನು ತೆತ್ತದ್ದು ಒಳಗೆ ಕಾಣದೆ ಕೂತ ಪ್ಲೇಟು. ಬೈಗುಳ ತಿಂದವನು ದುಂಡಪ್ಪ.

ಪ್ಲೇಟು ಆರುವವರೆಗೆ ಕಾದ. ಸ್ಕ್ರೂಡ್ರೈವರ್ ತೆಗೆದು ಎಲ್ಲ ಸ್ಕ್ರೂಗಳನ್ನೂ ಹಳೆಯ ಜಾಗಕ್ಕೆ ತಿರುಗಿಸಿದ. ಎಂಜಿನ್ನಿಗೆ ಹೊಟ್ಟೆ ತುಂಬ ಪೆಟ್ರೋಲು ಕೊಟ್ಟ, ಕಿಡಿಯನ್ನು ಸರಿಯಾದ ಹೊತ್ತಿಗೆ ತಂದ. ಎಂಜಿನ್ ಕೆಮ್ಮಿತು, ಗುಡುಗಿತು, ಬಾನೆಟ್ಟನ್ನೆಲ್ಲ ಅಲುಗಾಡಿಸಿತು. ಅವನು ಕೂತು ಮೆಲ್ಲಗೆ ಕ್ಲಚ್ ಬಿಟ್ಟ. ಆ ಅರೆಸುಟ್ಟ ಪ್ಲೇಟಿನ ಮೇಲೇ ಕಾರು ಗಡಗಡ ಎನ್ನುತ್ತ ಏರನ್ನು ಹತ್ತಿಬಿಟ್ಟಿತು.

ಮಧ್ಯಾಹ್ನ ಅದೇ ಗಡಗಡದಲ್ಲಿ ಸ್ಟ್ಯಾಂಡಿಗೆ ಬಂದ. ಚಹಾ ಅಂಗಡಿಯಿಂದ ಯಾರೋ, "ಏನೋ ಗುರುಪಾದ, ರಾಜಾನ ಗಾಡಿ ಕೆಮ್ಮಾಕತ್ತೇತಿ?" ಎಂದು ನಗಾಡಿದ. ಗುರುಪಾದಪ್ಪ ಕಾರಿನಿಂದಿಳಿದು ಎಲ್ಲರ ನಡುವೆ ನಿಂತುಕೊಂಡ. ಅವಮಾನ ಮಾಡಿದ ಜಾಗದಲ್ಲೇ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬಷ್ಟು ಮರ್ಯಾದೆ ಅವನಲ್ಲಿತ್ತು.

"ಪ್ಲೇಟ್ ಸುಟ್ಟಿದ್ದು ದುಂಡಪ್ಪನ ಕಾಲಲ್ಲ, ನನ್ನ ಕೈ," ಎಂದ. "ರಾಜೇಸಾಬ ಕಾಕಾ, ನೀವು ಅವತ್ತ ಹೇಳಿದ್ರಿ, ನಾ ಕೇಳಲಿಲ್ಲ. ನಾಳಿಂದ ನನ್ನ ಪಾಳಿ ಎಲ್ಲಾರಕಿಂತ ಹಿಂದ."

ಯಾರೂ ನಗಲಿಲ್ಲ. ರಾಜೇಸಾಬ ಒಂದು ಕಪ್ ಚಹಾ ಅವನ ಕೈಗೆ ಕೊಟ್ಟ, ಅಷ್ಟೇ.

ಮನೆಗೆ ಬಂದಾಗ ಕಾಶವ್ವ ಅಕ್ಕಿ ಆರಿಸುತ್ತಿದ್ದಳು. ಗುರುಪಾದಪ್ಪ ನಡೆದದ್ದನ್ನು ಹೇಳಿದ. ಆಮೇಲೆ ಹಳೆಯ ರೂಢಿಯಂತೆ, "ಕಾಶೀ, ನಿನ್ನ ತಮ್ಮಗ ಒಂದ ಮಾತ ಹೇಳಿ ಕಳಸು. ಆದದ್ದಾತು, ಬಾ ಅಂತ," ಎಂದ.

ಕಾಶವ್ವ ತಲೆ ಎತ್ತಿದಳು. ಅವಳ ದನಿ ಗಟ್ಟಿಯಾಗೇನೂ ಇರಲಿಲ್ಲ.

"ನಾ ಹೇಳಾಂಗಿಲ್ರಿ. ಈ ಕಡಿ ಮಾತ ಆ ಕಡಿ ಹೊತ್ತ ಹೊತ್ತ ನನಗ ಸಾಕಾಗೇತಿ. ಬೈಯೂ ಮುಂದ ನೀವ ಬೈದ್ರಿ. ಕರಿಯೂ ಮುಂದನೂ ನೀವ ಹೋಗಿ ಕರೀರಿ."

ಇಷ್ಟು ವರ್ಷದಲ್ಲಿ ಅವಳು ಹಾಗೆ ಅಂದದ್ದು ಅದೇ ಮೊದಲು. ಗುರುಪಾದಪ್ಪ ಚಪ್ಪಲಿ ಮೆಟ್ಟಿ ಹೊರಟ.

ಕ್ವಾರಿಯಲ್ಲಿ ದುಂಡಪ್ಪ ಟ್ರ್ಯಾಕ್ಟರಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ. ಮೈಯೆಲ್ಲ ಕಲ್ಲುಪುಡಿ. ಮಾವನನ್ನು ಕಂಡು ಎದ್ದು ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು ಗುರುಪಾದಪ್ಪ, "ತಪ್ಪು ನಂದಪಾ. ಎಂಜಿನ್ ಟ್ಯೂನಿಂಗ್ ನಾನ ಕೆಡಿಸಿದ್ದೆ. ನಿನ್ನ ಬೈದೆ," ಎಂದಷ್ಟೇ ಹೇಳಿದ.

ದುಂಡಪ್ಪ ಬಿಚ್ಚಿದ್ದ ಬುತ್ತಿಯನ್ನು ಮತ್ತೆ ಕಟ್ಟಿದ.

"ನನಗೇನ ಆಗಿಲ್ಲ ಮಾವ," ಎಂದ. "ನನಗ ಸಿಟ್ಟ ಬಂತು, ಬಿಟ್ಟ ಬಂದೆ. ಬಿಟ್ಟ ಬರಾಕ ಆಗದಾಕಿ ಅಕ್ಕ. ನೀವು ಅಂದದ್ದು, ನಾ ಅಂದದ್ದು, ಎಲ್ಲಾ ಆಕಿ ಮ್ಯಾಲ ಬಿತ್ತು. ನಾನೂ ಅದನ್ನ ನೋಡಲಿಲ್ಲ. ಆ ಮಾತ ಆಕೀಗ ಹೇಳ್ರಿ."

ಸಂಜೆ ಬಸ್ಸಿನಲ್ಲಿ ಗುರುಪಾದಪ್ಪನಿಗೆ ಅದೇ ಯೋಚನೆ. ಎಷ್ಟು ಬೆಳಗು ತಾನು ಎದ್ದ ಕೂಡಲೇ ಬಾನೆಟ್ಟು ಎತ್ತಿ ಎಂಜಿನ್ನಿಗೆ ಕಿವಿ ಕೊಟ್ಟಿದ್ದೇನೆ! ಮನೆಯೊಳಗೆ ಒಂದು ನಗು ನಿಂತು ಎಷ್ಟು ತಿಂಗಳಾಯಿತು ಎಂಬುದು ಆ ಕಿವಿಗೆ ಕೇಳಲೇ ಇಲ್ಲವಲ್ಲ.

ಕಾಶವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಅವಳ ಪಕ್ಕ ನೆಲದ ಮೇಲೆ ಕೂತ.

"ನಮ್ಮಿಬ್ಬರ ನಡುವ ನೀ ಭಾಳ ಸವದಿ, ಕಾಶೀ," ಎಂದ. "ಒಂದ ದಿನಾನೂ ನಿನ್ನ ಹೆಂಗದಿ ಅಂತ ಕೇಳಲಿಲ್ಲ. ಹೆಂಗದಿ?"

ರೊಟ್ಟಿ ಬಡಿಯುವ ಕೈ ನಿಂತಿತು. ಕಣ್ಣಿನ ನೀರು ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಗೆರೆ ಎಳೆಯಿತು.

"ಹೆಂಗದೀನಿ ಅಂತ ನನಗೂ ಗೊತ್ತಿಲ್ರಿ," ಎಂದಳು. "ಯಾರೂ ಕೇಳಿರಲಿಲ್ಲಲಾ."

ಆ ಮಾತು ಕೇಳಿ ಗುರುಪಾದಪ್ಪ ಅತ್ತ. ಗಂಡಸು ಒಲೆಯ ಮುಂದೆ ಕೂತು ಅತ್ತರೆ ಹೊಗೆಯ ನೆಪ ಹೇಳಬಹುದು. ಅವನು ಹೇಳಲಿಲ್ಲ.

ಪಂಚಮಿಯ ಹಿಂದಿನ ದಿನ ದುಂಡಪ್ಪ ಅಕ್ಕನನ್ನು ಕರೆಯಲು ಬಂದ. ಅಂಬಾಸಡರಿನ ಮುಂದಿನ ಸೀಟಿನಲ್ಲಿ ಮೂವರೂ ಕೂತರು. ಕಾರು ಮೈಯೆಲ್ಲ ನಡುಗಿಸುತ್ತ, ಓಣಿಗೆಲ್ಲ ಸಾರುತ್ತ ಹೊರಟಿತು. ಆಮೇಲೆ ಆ ಕಾರು ಎಷ್ಟೋ ವರ್ಷ ಗುಡ್ಡ ಹತ್ತಿ ಇಳಿಯಿತು, ಕ್ಲಚ್ಚಿನ ತಂಟೆ ಬರಲಿಲ್ಲ. ಗ್ಲಾಸಿನ ಪಾಳಿಯೂ ಗುರುಪಾದಪ್ಪನಿಗೆ ಮತ್ತೆ ಬರಲಿಲ್ಲ. ಈಗ ಸ್ಟ್ಯಾಂಡೂ ಇಲ್ಲ, ಅಂಬಾಸಡರ್ ಸಾಲೂ ಇಲ್ಲ, ಆ ಜನರೂ ಇಲ್ಲ. ಆದರೆ ಓಣಿಯ ಹಳಬರನ್ನು ಕೇಳಿದರೆ ಒಂದು ಮಾತು ಹೇಳುತ್ತಾರೆ: ಅವತ್ತು ಆ ಗಡಗಡದ ಮೇಲೂ ಕೇಳಿಸಿದ್ದು ಕಾಶವ್ವನ ನಗು.

ನೀತಿ: ಒಬ್ಬರು ಹೊರಗೆ ಮೆರೆದರೆ, ಅದರ ಭಾರ ಹೊತ್ತು ಒಳಗೆ ಸವೆಯುವವರು ಇನ್ನೊಬ್ಬರು. ಸುಟ್ಟ ವಾಸನೆ ಬಂದಾಗ ಬೇರೆಯವರ ಕಾಲಿನ ಮೇಲೆ ತಪ್ಪು ಹಾಕುವ ಮೊದಲು ನಮ್ಮ ಕೈ ಏನು ತಿರುಗಿಸಿದೆ ಎಂದು ನೋಡಿಕೊಳ್ಳಬೇಕು. ನಡುವೆ ನಿಂತು ಎಲ್ಲರನ್ನೂ ಕೂಡಿಸುವವರನ್ನು, ಅವರು ಸವೆದು ಹೋಗುವ ಮೊದಲೇ, ಹೇಗಿದ್ದೀರಿ ಎಂದು ಕೇಳಬೇಕು.